ಬೇಲೂರಿಗೆ ಹೋದ ಬೀಡಿ ಕಟ್ಟಿಗೆ ಬೂಷ್ಟು ಯಾಕೆ?

ಅರಸೀಕೆರೆಯಿಂದ ಒಂದೇ ದಿನ ಹೊರಟ ಒಂದೇ ಕಂಪನಿಯ ಬೀಡಿ ಎಂದಿಟ್ಟುಕೊಳ್ಳಿ. ಅರ್ಧ ಊರಲ್ಲೇ ಉಳಿಯಿತು. ಇನ್ನರ್ಧ ಬಸ್ಸಿನ ಟಾಪಿನಲ್ಲಿ ಜಾವಗಲ್, ಹಳೇಬೀಡು ದಾಟಿ ಬೇಲೂರಿನಲ್ಲಿ ಇಳಿಯಿತು. ಆಷಾಢ ಮುಗಿಯುವ ಹೊತ್ತಿಗೆ ನೋಡಿ: ಅರಸೀಕೆರೆಯ ಕಟ್ಟು ಗರಿಗರಿ. ಬೇಲೂರಿನದು ಮೆತ್ತಗೆ, ತಣ್ಣಗೆ, ಮೂಗಿನ ಹತ್ತಿರ ಹಿಡಿದರೆ ಮುಗ್ಗಲು. ಹಚ್ಚಿದರೆ ಎರಡು ದಮ್ಮಿಗೆ ಆರುತ್ತದೆ. ಗಿರಾಕಿ ಬೈಯುವುದು ಕಂಪನಿಯನ್ನಲ್ಲ, ಗಲ್ಲಾದ ಹಿಂದೆ ಕೂತವನನ್ನು.

'ಮಾಲೇ ಸರಿ ಇಲ್ಲ ಕಣ್ರೀ' ಎಂದು ಏಜೆಂಟರ ತಲೆಗೆ ಕಟ್ಟುವುದು ಸುಲಭ. ಆದರೆ ಬಹುಪಾಲು ತಪ್ಪು ಮಾಲಿನದಲ್ಲ, ಅದನ್ನು ಇಟ್ಟ ಡಬ್ಬದ್ದು. ಪುಡಿಗಾಸಿನ ಕಮಿಷನ್ನಿನ ವ್ಯಾಪಾರದಲ್ಲಿ ಒಂದು ಬಂಡಲ್ ಕೆಟ್ಟರೆ ಎಷ್ಟು ದಿನದ ಲಾಭ ಹೋಯಿತೆಂದು ಅಂಗಡಿಯವರಿಗೆ ಯಾರೂ ಲೆಕ್ಕ ಹೇಳಿಕೊಡಬೇಕಿಲ್ಲ.

ಹೊಗೆಸೊಪ್ಪಿನ ಸ್ವಭಾವವೇ ಹಾಗೆ. ಗಾಳಿಯಲ್ಲಿ ತೇವ ಇದ್ದರೆ ಕುಡಿಯುತ್ತದೆ, ಗಾಳಿ ಒಣಗಿದರೆ ಬಿಟ್ಟುಕೊಡುತ್ತದೆ. ಬೀಡಿಯಾಗಲಿ, ಜಗಿಯುವ ಸೊಪ್ಪಾಗಲಿ, ದೊಡ್ಡ ಸಾಹೇಬರ ಚುಟ್ಟವಾಗಲಿ ಎಲ್ಲಕ್ಕೂ ಒಂದೇ ಧರ್ಮ. ಅರಸೀಕೆರೆ ಬಯಲುಸೀಮೆ, ಬೇಲೂರು ಅರೆಮಲೆನಾಡು. ಹಳೇಬೀಡು ನಡುವೆ ಸಿಕ್ಕಿಕೊಂಡಿದೆ. ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರು ಅಷ್ಟೆ, ಆದರೆ ಗಾಳಿಯೇ ಬೇರೆ. ಗಾಳಿಯ ತೇವ ಶೇ. 75ನ್ನು ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. ಸೋನೆ ಹಿಡಿದ ಬೇಲೂರಿನಲ್ಲಿ ಅದು ದಾಟದ ದಿನ ಯಾವುದು?

ಇದನ್ನೆಲ್ಲ ಅರಸೀಕೆರೆಯವರಿಗೆ ಹೊಸದಾಗಿ ಹೇಳಬೇಕೆ? ಕೊಬ್ಬರಿ ಮಾಡುವ ಸೀಮೆ ಅದು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದಾಗಲೇ ಉಂಡೆ ಕೊಬ್ಬರಿ. ಸಿಪ್ಪೆ, ನಾರು, ಚಿಪ್ಪು: ದೇವರೇ ಮಾಡಿದ ಪ್ಯಾಕಿಂಗು. ತೇವವನ್ನು ನಿಧಾನಕ್ಕೆ ಹೊರಗೆ ಬಿಡುತ್ತದೆ, ಒಮ್ಮೆಲೇ ಬಿಡುವುದಿಲ್ಲ. ಅದೇ ಕೊಬ್ಬರಿಯನ್ನು ಹಸಿಹಸಿಯಾಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿದರೆ ಏನಾಗುತ್ತದೆಂದು ಮಂಡಿಯ ಹಮಾಲಿಯೂ ಹೇಳಬಲ್ಲ. ಮಾಗಿಸಬೇಕಾದರೆ ಪ್ಯಾಕಿಂಗು ಉಸಿರಾಡಬೇಕು. ಮಾಗಿದ್ದನ್ನು ಕಾಪಾಡಬೇಕಾದರೆ ಉಸಿರು ಕಟ್ಟಬೇಕು. ಹೊಗೆಸೊಪ್ಪಿಗೂ ಅದೇ ಲೆಕ್ಕ.

ಈಗ ಅಂಗಡಿಯ ಡಬ್ಬಗಳ ಕಡೆ ನೋಡೋಣ.

ಗೋಣಿಚೀಲ ಉಸಿರಾಡುತ್ತದೆ, ಸರಿ. ಆದರೆ ತಾನೇ ನೀರು ಕುಡಿಯುತ್ತದೆ, ಪಕ್ಕದ ಸೀಮೆಎಣ್ಣೆ, ಸೋಪಿನ ವಾಸನೆಯನ್ನೂ ಹೀರುತ್ತದೆ. ಎಲೆಸೊಪ್ಪಿನ ಮೂಟೆಗೆ ಬೇಸಿಗೆಯಲ್ಲಿ ಸಾಕು. ಅದೂ ನೆಲದ ಮೇಲಲ್ಲ, ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಮಳೆಗಾಲಕ್ಕೆ ಗೋಣಿ ನಂಬುವುದು ಸೋರುವ ಛತ್ರಿ ನಂಬಿದ ಹಾಗೆ.

ಪ್ಲಾಸ್ಟಿಕ್ ಕವರಿನ ಕತೆ ಇನ್ನೊಂದು. ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಅಗ್ಗ ತಾನೇ! ಮಾಲು ಒಣಗಿದ್ದಾಗ ಕಟ್ಟಿದರೆ ಒಳ್ಳೆಯದೇ. ಜಡಿಮಳೆಯ ದಿನ, ಆಗಲೇ ಮೆತ್ತಗಾದ ಕಟ್ಟನ್ನು ತುರುಕಿ ಗಂಟು ಹಾಕಿದರೆ ತೇವವನ್ನು ಒಳಗೇ ಜೈಲಿಗೆ ಹಾಕಿದಂತೆ. ಹಗಲು ಬಿಸಿಲಿಗೆ ಬೆವರುತ್ತದೆ, ರಾತ್ರಿ ಆ ಬೆವರು ಸೊಪ್ಪಿನ ಮೇಲೇ ಇಳಿಯುತ್ತದೆ. ಎಂಟೇ ದಿನಕ್ಕೆ ಬಿಳಿ ಬೂಷ್ಟು ಕಾಣಿಸಿದರೂ ಆಶ್ಚರ್ಯವಿಲ್ಲ.

ಹಳೆಯ ಕಾಲದ ಬಿಸ್ಕತ್ತಿನ ತಗಡಿನ ಡಬ್ಬ ಇವೆರಡಕ್ಕಿಂತ ಮೇಲು, ಮುಚ್ಚಳ ಬಿಗಿಯಾಗಿದ್ದರೆ. ಬೇಲೂರಿನ ಗಾಳಿಗೆ ತಳ ತುಕ್ಕು ಹಿಡಿಯುತ್ತದೆ, ಒಳಗೆ ಒಂದು ದಪ್ಪ ಕಾಗದ ಹಾಸಬೇಕು. ನ್ಯೂಸ್‌ಪೇಪರ್ ಬೇಡ, ಶಾಯಿಯ ವಾಸನೆ ಸೊಪ್ಪಿಗೆ ಅಂಟುತ್ತದೆ (ಪತ್ರಿಕೆಯೇ ಹೀಗೆ ಹೇಳಿದರೆ ಹೇಗೆ ಅನ್ನಬೇಡಿ). ಎಲ್ಲಕ್ಕಿಂತ ಮೇಲು ಗಾಜಿನ ಭರಣಿ. ತುಕ್ಕಿಲ್ಲ, ವಾಸನೆಯಿಲ್ಲ, ಒಳಗೇನು ನಡೆದಿದೆ ಅಂತ ಕಣ್ಣಿಗೇ ಕಾಣುತ್ತದೆ. ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿ ಒಂದು ಹಿಡಿ ಮೂಲೆಯಲ್ಲಿಟ್ಟರೆ ಉಳಿದ ತೇವವನ್ನು ಅದು ನೋಡಿಕೊಳ್ಳುತ್ತದೆ. ವಾರಕ್ಕೊಮ್ಮೆ ಅಕ್ಕಿಯನ್ನು ಮತ್ತೆ ಹುರಿಯಬೇಕು, ಅಷ್ಟೆ.

ತೇವ ಎಷ್ಟಿದೆ ಅಂತ ತಿಳಿಯುವುದು ಹೇಗೆ? ಅದಕ್ಕೆ ಸಣ್ಣ ಮೀಟರುಗಳು ಬಂದಿವೆ, ದುಬಾರಿಯೇನಲ್ಲ. ಅದು ಸುಳ್ಳು ಹೇಳುತ್ತಿದೆಯೋ ನಿಜವೋ ಎಂದು ಅಡುಗೆ ಉಪ್ಪಿನಲ್ಲೇ ಪರೀಕ್ಷೆ ಮಾಡಬಹುದು. ಬಾಟ್ಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಬಿಟ್ಟು, ಮೀಟರಿನ ಜೊತೆ ಬಿಗಿ ಡಬ್ಬದಲ್ಲಿ ರಾತ್ರಿಯೆಲ್ಲ ಇಡಿ. ಬೆಳಿಗ್ಗೆ 75ರ ಹತ್ತಿರ ತೋರಿಸಿದರೆ ಮೀಟರು ಸಾಚಾ. ತಳದಲ್ಲಿ ನೀರು ನಿಲ್ಲಿಸಬೇಡಿ, ಲೆಕ್ಕ ತಪ್ಪುತ್ತದೆ.

ಚುಟ್ಟಕ್ಕೆ ಮಾತ್ರ ಮರ್ಯಾದೆ ಬೇರೆ. ಸಿಗಾರು ಎನ್ನುವ ದೊಡ್ಡ ಚುಟ್ಟವನ್ನು ವರ್ಷಗಟ್ಟಲೆ ಮಾಗಿಸುವವರು ಗಾಳಿಯ ತೇವವನ್ನು ಶೇ. 65ರಿಂದ 70ರ ಒಳಗೆ ಹಿಡಿದಿಡುತ್ತಾರೆ. ಒಣಗಿದರೆ ಮೇಲೆಲೆ ಸಿಡಿಯುತ್ತದೆ, ಹೆಚ್ಚಾದರೆ ಬೂಷ್ಟು. ಅದರ ಮೇಲೆ ಸುತ್ತುವ ಸೆಲ್ಲೋಫೇನ್ ಪ್ಲಾಸ್ಟಿಕ್ಕಿನಂತೆ ಕಂಡರೂ ಮರದ ತಿರುಳಿನಿಂದ ಮಾಡಿದ್ದು. ನಿಧಾನಕ್ಕೆ ಉಸಿರಾಡುತ್ತದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ. ಪೆಟ್ಟಿಗೆಗೆ 'ಸ್ಪ್ಯಾನಿಷ್ ಸೀಡರ್' ಬೇಕು ಎನ್ನುತ್ತಾರೆ. ಹೆಸರಿಗೆ ಸೀಡರ್, ಕುಲಕ್ಕೆ ನಮ್ಮ ಬೇವಿನ ನೆಂಟ. ಅದೇ ಮನೆತನದ ಗಂಧಗರಿಗೆ ಮರ ನಮ್ಮ ಮಲೆನಾಡಿನಲ್ಲೇ ಇದೆ, ಇಂಡಿಯಾದಲ್ಲಿ ಚುಟ್ಟದ ಪೆಟ್ಟಿಗೆಗೆ, ಟೀ ಪೆಟ್ಟಿಗೆಗೆ ಆ ಮರ ಬಳಸಿದ್ದುಂಟು. ಹಗುರ, ಪರಿಮಳ, ತೇವ ಹೀರಿ ಬಿಡುವ ಗುಣ. ಬಣ್ಣ, ವಾರ್ನಿಷ್ ಒಳಗಡೆ ಬಳಿಯಬಾರದು, ಬಳಿದರೆ ಮರದ ಉಸಿರೇ ನಿಂತಿತು.

ಇನ್ನು ಹುಳದ ವಿಷಯ. ಬೀಡಿಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಅದು ಹೊಗೆಸೊಪ್ಪಿನ ದುಂಬಿಯ ಕೆಲಸ. ಕೆಂಗಂದು ಬಣ್ಣ, ಎರಡು ಮೂರು ಮಿಲಿಮೀಟರ್ ಉದ್ದ. ತಿನ್ನುವುದು ಅದರ ಮರಿಹುಳ. ಕಿರಾಣಿಯವರು ಗಮನಿಸಬೇಕಾದ್ದು ಇಲ್ಲಿದೆ: ಈ ದುಂಬಿಗೆ ಸೊಪ್ಪೇ ಆಗಬೇಕೆಂದಿಲ್ಲ. ಕೊತ್ತಂಬರಿ ಬೀಜ, ಅರಿಶಿನ, ಒಣಮೆಣಸಿನಕಾಯಿ, ಶುಂಠಿ ಎಲ್ಲವೂ ನಡೆಯುತ್ತದೆ. ತೆಳು ಪ್ಲಾಸ್ಟಿಕ್ಕನ್ನೂ ಕೊರೆಯುತ್ತದೆ. ಬೀಡಿ ಡಬ್ಬದ ಪಕ್ಕ ಧನಿಯಾ ಚೀಲ ಇಟ್ಟವನು ಹುಳಕ್ಕೆ ಎರಡು ಮನೆ ಕಟ್ಟಿಕೊಟ್ಟಂತೆ.

ಐಸ್‌ಕ್ರೀಂ ಫ್ರೀಜರ್ ಇರುವ ಅಂಗಡಿಯವರಿಗೆ ಉಪಾಯವಿದೆ. ಹುಳದ ಅನುಮಾನ ಬಂದ ಮಾಲನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಬಿಡುವುದು. ತೆಗೆದ ಮೇಲೆ ಗಂಟು ಬಿಚ್ಚದೆ ಹೊರಗಿನ ಬಿಸಿಗೆ ಬರುವ ತನಕ ಕಾಯಬೇಕು, ಇಲ್ಲದಿದ್ದರೆ ಮತ್ತೆ ಬೆವರು. ಆದರೆ ಗೋಡೌನಿನಲ್ಲಿ ಕಾಳಿಗೆ ಇಡುವ 'ಮಾತ್ರೆ'ಯನ್ನು ಬೀಡಿ ಡಬ್ಬಕ್ಕೆ ಹಾಕುವ ಬುದ್ಧಿವಂತಿಕೆ ಖಂಡಿತ ಬೇಡ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಮುಂದೆ ಅಂಗಡಿ, ಹಿಂದೆ ಮನೆ ಇರುವ ನಮ್ಮ ಕಡೆ ರಾತ್ರಿ ಮಲಗಿದ ಮಕ್ಕಳು ಬೆಳಿಗ್ಗೆ ಏಳದೆ ಹೋಗಬಹುದು.

ಪ್ಯಾಕಿಂಗಿನ ಮಾತಿನಲ್ಲಿ ಕಾನೂನನ್ನೂ ಮರೆಯುವಂತಿಲ್ಲ. ಗುಟ್ಕಾ, ತಂಬಾಕಿಗೆ ಪ್ಲಾಸ್ಟಿಕ್ ಸ್ಯಾಶೆ ಕೂಡದೆಂದು ಸುಪ್ರೀಂ ಕೋರ್ಟು ಹೇಳಿ, 2011ರ ಮಾರ್ಚ್‌ನಿಂದ ಅದು ಜಾರಿಗೆ ಬಂತು. 2016ರ ಏಪ್ರಿಲ್‌ನಿಂದ ಪೊಟ್ಟಣದ ಎರಡೂ ಮುಖದಲ್ಲಿ ಶೇ. 85ರಷ್ಟು ಜಾಗಕ್ಕೆ ಎಚ್ಚರಿಕೆಯ ಚಿತ್ರ ಇರಲೇಬೇಕು, ಬೀಡಿಗೂ ಸೇರಿ. 2025ರಲ್ಲಿ ಜಾರಿಯಾದ ಕರ್ನಾಟಕದ ತಿದ್ದುಪಡಿ 21 ವರ್ಷದೊಳಗಿನವರಿಗೆ ಮಾರುವುದನ್ನೂ, ಬಿಡಿಬಿಡಿಯಾಗಿ ಮಾರುವುದನ್ನೂ ತಡೆದಿದೆ. ಎಷ್ಟೇ ಜೋಪಾನ ಮಾಡಿದರೂ ಸೊಪ್ಪು ಎದೆಗೆ ಮಾಡುವುದನ್ನು ಮಾಡಿಯೇ ಮಾಡುತ್ತದೆ. ಅದನ್ನು ತಡೆಯುವ ಡಬ್ಬ ಇನ್ನೂ ಬಂದಿಲ್ಲ.

ಹಾಗಾಗಿ ಕಟ್ಟು ಒಡೆದು ಬೀಡಿಯನ್ನು ಭರಣಿಗೆ ಸುರಿಯುವ ಹಳೆಯ ಪದ್ಧತಿ ಈಗ ನಡೆಯದು. ಕಂಪನಿಯ ಕಾಗದ, ಅದರ ಮೇಲಿನ ಚಿತ್ರ ಸಮೇತ ಇಡೀ ಕಟ್ಟನ್ನೇ ಭರಣಿಯೊಳಗಿಟ್ಟು ಮುಚ್ಚಳ ತಿರುಗಿಸಬೇಕು. ಬೇಲೂರಿನವರಾದರೆ ಒಂದೇ ಸಲಕ್ಕೆ ತಿಂಗಳ ಮಾಲು ತರುವ ಬದಲು ವಾರದ್ದು ತರುವುದೇ ಲೇಸು. ಅರಸೀಕೆರೆ ಬಸ್ಸು ಹೇಗೂ ದಿನಾ ಓಡುತ್ತದಲ್ಲ.