ವಕೀಲರನ್ನು ಹುಡುಕುವಾಗ: ಕಟ್ಟೆಯ ಮಾತು, ಕಾಯ್ದೆಯ ಮಾತು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ. ಜಮೀನಿನ ಪಾಲಿಗಾಗಿ ತಲೆಮಾರುಗಟ್ಟಲೆ ಅಲೆದ ಮನೆತನಗಳ ಬಾಯಲ್ಲಿ ಹುಟ್ಟಿದ ಗಾದೆ ಇದು; ಅವರ ಮಟ್ಟಿಗೆ ಸುಳ್ಳೂ ಅಲ್ಲ. ತೊಂದರೆ ಶುರುವಾಗುವುದು ಅದನ್ನೇ ಹಕ್ಕಿನ ಕೇಸಿಗೂ ಹೊಂದಿಸಿದಾಗ. ಠಾಣೆಯಲ್ಲಿ ಏಟು ತಿಂದವರು, ಊರ ಹೋಟೆಲಿನಲ್ಲಿ ತಮಗಾಗಿ ಬೇರೆ ಲೋಟ ಇಟ್ಟದ್ದನ್ನು ಕಂಡವರು, ನೋಟಿಸೇ ಇಲ್ಲದೆ ಮನೆ ಕಳೆದುಕೊಂಡವರು ‘ವಕೀಲರ ಸಹವಾಸ ನಮಗ್ಯಾಕೆ’ ಎಂದು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಗಾಯ ಮಾಯುತ್ತದೆ, ಸಾಕ್ಷಿ ಹೇಳಬೇಕಾದವರು ಹಿಂಜರಿಯುತ್ತಾರೆ, ಠಾಣೆಯ ಕ್ಯಾಮೆರಾದ ದಾಖಲೆ ಅಳಿಸಿಹೋಗುತ್ತದೆ. ಇಂಥ ಎಷ್ಟೋ ಕೇಸುಗಳು ಸೋಲುವುದು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ.

ಸುಮ್ಮನಾಗಿಸುವ ನಂಬಿಕೆಗಳಲ್ಲಿ ಮೊದಲನೆಯದು ದುಡ್ಡಿನದು.

‘ದುಡ್ಡಿದ್ದವರಿಗೆ ಮಾತ್ರ ವಕೀಲರು’

ಸಂವಿಧಾನದ 22ನೇ ವಿಧಿ ಬಂಧಿತ ವ್ಯಕ್ತಿಗೆ ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು ಕೊಟ್ಟಿದೆ. ಫೀಸು ಕೊಡಲಾಗದವರ ಗತಿ ಏನು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಬಿಹಾರದ ಜೈಲುಗಳಿಂದ. 1979ರ ಜನವರಿಯಲ್ಲಿ ಪೊಲೀಸ್ ಆಯೋಗದ ಸದಸ್ಯ ಕೆ.ಎಫ್. ರುಸ್ತುಂಜಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಅಲ್ಲಿನ ವಿಚಾರಣಾಧೀನ ಕೈದಿಗಳ ಬಗ್ಗೆ ಬರೆದರು. ಮಾಡಿದ್ದಾರೆನ್ನಲಾದ ಅಪರಾಧಕ್ಕೆ ಸಿಗಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಕೆಲವರು ವಿಚಾರಣೆಯೇ ಇಲ್ಲದೆ ಒಳಗಿದ್ದರು. ಅದನ್ನೋದಿದ ದೆಹಲಿಯ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಕೈದಿಗಳು ಯಾರೂ ಅವರ ಬಳಿ ಬಂದವರಲ್ಲ, ಫೀಸು ಕೊಟ್ಟವರೂ ಅಲ್ಲ. ಅದೇ ಹುಸೈನಾರಾ ಖಾತೂನ್ ಪ್ರಕರಣ. ಅದರ ಫಲವಾಗಿ ದೇಶದಾದ್ಯಂತ ಬಿಡುಗಡೆಯಾದ ಕೈದಿಗಳ ಸಂಖ್ಯೆ ಸುಮಾರು 40,000 ಎನ್ನುತ್ತಾರೆ. ಎರಡು ವರ್ಷದ ನಂತರ, ಭಾಗಲ್ಪುರದಲ್ಲಿ ಪೊಲೀಸರು ಬಂಧಿತರ ಕಣ್ಣು ಕುರುಡಾಗಿಸಿದ ಪ್ರಕರಣದಲ್ಲಿ ಬಡ ಆರೋಪಿಗೆ ವಕೀಲರನ್ನು ಕೊಡುವುದು ಸರ್ಕಾರದ ಹೊಣೆ ಎಂದು ಕೋರ್ಟು ಹೇಳಿತು. ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದಾಗಿನಿಂದಲೇ ಆ ಹೊಣೆ ಶುರುವಾಗುತ್ತದೆ, ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪ ನಡೆಯದು ಎಂದೂ ಸೇರಿಸಿತು. ಆರೋಪಿ ಬಾಯಿಬಿಟ್ಟು ಕೇಳಲಿಲ್ಲ ಎಂಬ ನೆಪವೂ 1986ರ ಸುಕ್ ದಾಸ್ ತೀರ್ಪಿನಲ್ಲಿ ಬಿದ್ದುಹೋಯಿತು.

ಈಗ ಜಾರಿಯಲ್ಲಿರುವುದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ. ಅದರ 12ನೇ ಕಲಮು ಓದಿದರೆ ಹಲವರಿಗೆ ಅಚ್ಚರಿಯಾದೀತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯದ ಲೆಕ್ಕವೇ ಇಲ್ಲದೆ ಉಚಿತ ನೆರವು ಉಂಟು. ಕೈತುಂಬ ಸಂಬಳದ ಹೆಂಗಸೂ ಅರ್ಜಿ ಹಾಕಬಹುದು. ಆದಾಯದ ಮಿತಿ ಅನ್ವಯಿಸುವುದು ಈ ಪಟ್ಟಿಯಿಂದ ಹೊರಗುಳಿದವರಿಗೆ ಮಾತ್ರ.

‘ಪುಕ್ಕಟೆ ವಕೀಲರು ಹೆಸರಿಗಷ್ಟೇ’ ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತಿಲ್ಲ: ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ ಸಿಗುವ ಸಂಭಾವನೆ ಕಡಿಮೆ, ಕೆಲಸದ ಗುಣಮಟ್ಟ ಒಂದೇ ಸಮನಿಲ್ಲ. ಆದರೆ ಕೊಟ್ಟವರನ್ನೇ ಕಣ್ಣುಮುಚ್ಚಿ ಒಪ್ಪಬೇಕೆಂಬ ಕಟ್ಟುಪಾಡಿಲ್ಲ. ಪಟ್ಟಿಯಲ್ಲಿರುವ ಇಂಥವರೇ ಬೇಕೆಂದು ಅರ್ಜಿದಾರರು ಕೋರಲು 2010ರ ನಿಯಮಾವಳಿಯಲ್ಲಿ ಅವಕಾಶವಿದೆ. ನೇಮಕವಾದವರು ಕಕ್ಷಿದಾರರಿಂದ ಹಣ ಕೇಳುವಂತಿಲ್ಲ. ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ದೂರು ಕೊಡಬಹುದು. ಈ ಹುದ್ದೆಯಲ್ಲಿರುವವರು ನ್ಯಾಯಾಂಗ ಅಧಿಕಾರಿಯೇ. ಕ್ರಿಮಿನಲ್ ಕೇಸುಗಳಿಗಂತೂ ಖಾಸಗಿ ವಕೀಲಿ ಬಿಟ್ಟು ಪೂರ್ಣಾವಧಿ ಇದೇ ಕೆಲಸ ಮಾಡುವ ವಕೀಲರ ತಂಡಗಳು ಈಗ ಅನೇಕ ಜಿಲ್ಲೆಗಳಲ್ಲಿವೆ.

‘ಗೆದ್ದ ಮೇಲೆ ಪರ್ಸೆಂಟೇಜು ಕೊಟ್ಟರಾಯಿತು’

ಅಮೆರಿಕದ ಸಿನಿಮಾ ನೋಡಿದವರಿಗೂ, ಅಪಘಾತ ಪರಿಹಾರದ ಕೇಸು ನಡೆಸಿದವರಿಗೂ ಈ ಲೆಕ್ಕ ಗೊತ್ತು. ಅಮೆರಿಕದಲ್ಲಿ ಅದು ಕ್ರಮಬದ್ಧ. ಅಲ್ಲಿ ನಾಗರಿಕ ಹಕ್ಕಿನ ಮೊಕದ್ದಮೆ ಗೆದ್ದವರ ವಕೀಲರ ಫೀಸನ್ನು ಸೋತ ಸರ್ಕಾರಿ ಕಚೇರಿಯಿಂದಲೇ ಕೊಡಿಸಲು 1976ರಿಂದ ಕಾನೂನೇ ಇದೆ. ನಮ್ಮಲ್ಲಿ ವಕೀಲರ ಪರಿಷತ್ತಿನ ನಿಯಮ ಇದಕ್ಕೆ ತದ್ವಿರುದ್ಧ: ಫಲಿತಾಂಶಕ್ಕೆ ಗಂಟುಹಾಕಿ ಫೀಸು ಗೊತ್ತುಮಾಡುವುದು, ಸಿಕ್ಕ ಪರಿಹಾರದಲ್ಲಿ ಪಾಲು ಕೇಳುವುದು ವೃತ್ತಿ ದುರ್ನಡತೆ. 2017ರ ಬಿ. ಸುನೀತಾ ಪ್ರಕರಣದಲ್ಲಿ ಅಪಘಾತ ಪರಿಹಾರದ ಮೇಲೆ ಶೇಕಡಾವಾರು ಫೀಸಿಗಾಗಿ ಚೆಕ್ ಪಡೆದು, ಅದು ಬೌನ್ಸ್ ಆದಾಗ ಕಕ್ಷಿದಾರಳ ಮೇಲೆಯೇ ಕೇಸು ಹಾಕಿದ ವಕೀಲರ ವಾದವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಪರ್ಸೆಂಟೇಜಿನ ಮಾತೆತ್ತಿದವರ ಕಚೇರಿಯಿಂದ ಎದ್ದು ಬರುವುದೇ ಒಳ್ಳೆಯದು. ಪೂರ್ತಿ ಕೇಸಿಗೆ ಎಷ್ಟು, ತಾರೀಖಿಗೆ ಎಷ್ಟು, ಟೈಪಿಂಗ್ ಮತ್ತು ಝೆರಾಕ್ಸ್ ಖರ್ಚು ಯಾರದು ಎಂಬುದನ್ನು ಮೊದಲೇ ಬರೆಸಿಕೊಂಡು ರಸೀದಿ ಪಡೆಯುವುದು ಒರಟುತನವಲ್ಲ. ಒಳ್ಳೆಯ ವಕೀಲರು ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ಇನ್ನು ದೊಡ್ಡ ಹೆಸರಿನ ಮೋಹ. ಪತ್ರಿಕೆಯಲ್ಲಿ ಹೆಸರು ಕಂಡ ಹಿರಿಯ ವಕೀಲರ ಮನೆಯನ್ನೇ ಹುಡುಕಿಕೊಂಡು ಹೋದರೆ ಕೆಲಸ ಆದಂತೆ ಎಂದು ಹಳ್ಳಿಯಿಂದ ಬಂದವರು ಮಾತ್ರವಲ್ಲ, ಓದಿದವರೂ ನಂಬುತ್ತಾರೆ. 1961ರ ವಕೀಲರ ಕಾಯ್ದೆಯಲ್ಲಿ ‘ಹಿರಿಯ ವಕೀಲ’ ಎಂಬುದು ವಯಸ್ಸಿನ ಮಾತಲ್ಲ, ಕೋರ್ಟು ಕೊಡುವ ಪದವಿ. ಆ ಪದವಿ ಪಡೆದವರು ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ಒಪ್ಪಿಕೊಳ್ಳುವಂತಿಲ್ಲ. ಇನ್ನೊಬ್ಬ ವಕೀಲರ ಮೂಲಕವೇ ಅವರನ್ನು ಗೊತ್ತುಮಾಡಬೇಕು. ಸುಪ್ರೀಂ ಕೋರ್ಟಿನಲ್ಲಂತೂ ಪ್ರತ್ಯೇಕ ಪರೀಕ್ಷೆ ಪಾಸಾಗಿ ‘ಅಡ್ವೊಕೇಟ್ ಆನ್ ರೆಕಾರ್ಡ್’ ಆದವರಷ್ಟೇ ಕಕ್ಷಿದಾರರ ಪರ ಅರ್ಜಿ ಸಲ್ಲಿಸಬಲ್ಲರು. ಹಕ್ಕಿನ ಕೇಸಿಗೆ ದೆಹಲಿಗೇ ಹೋಗಬೇಕೆಂಬುದೂ ಭ್ರಮೆ. 226ನೇ ವಿಧಿಯಡಿ ಹೈಕೋರ್ಟಿಗಿರುವ ರಿಟ್ ಅಧಿಕಾರ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗಿರುವುದಕ್ಕಿಂತ ವಿಶಾಲ. ಬೀದರಿನವರು ಬೆಂಗಳೂರಿಗೂ ಬರಬೇಕಿಲ್ಲ. ಧಾರವಾಡ ಮತ್ತು ಕಲಬುರಗಿಯ ಪೀಠಗಳು 2008ರಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಆದವು.

‘ಅನುಭವವೆಂದರೆ ನರೆತ ಕೂದಲು’

ಮೂವತ್ತು ವರ್ಷ ವಿಭಾಗ ದಾವೆ, ಚೆಕ್ ಬೌನ್ಸ್ ನಡೆಸಿದವರು ತಮ್ಮ ಕೆಲಸದಲ್ಲಿ ನಿಪುಣರೇ. ಹಕ್ಕಿನ ಕೇಸಿನ ಹದ ಬೇರೆ. ಠಾಣೆಯಲ್ಲಿ ಹಿಂಸೆಯಾಗಿದೆ ಎಂದಿಟ್ಟುಕೊಳ್ಳಿ. ಸಿವಿಲ್ ಅಭ್ಯಾಸದ ವಕೀಲರ ಕೈ ಮೊದಲು ಹೋಗುವುದು ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಕೊಡಬೇಕಾದ ಎರಡು ತಿಂಗಳ ನೋಟಿಸಿಗೆ. ಈ ಕ್ಷೇತ್ರದಲ್ಲಿ ಪಳಗಿದವರು ಅದೇ ದಿನ ಮೂರು ಕೆಲಸ ಮಾಡುತ್ತಾರೆ: ಸರ್ಕಾರಿ ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ಮಾಡಿಸುತ್ತಾರೆ, ಬಂಧನದ ಸಮಯ ದಾಖಲಾಗಿದೆಯೇ ನೋಡುತ್ತಾರೆ, ಸಿಸಿಟಿವಿ ದಾಖಲೆ ಅಳಿಸದಂತೆ ಲಿಖಿತ ಅರ್ಜಿ ಕೊಡುತ್ತಾರೆ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದಾಖಲೆಯನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಉಳಿಸಬೇಕು ಎಂಬ ಸುಪ್ರೀಂ ಕೋರ್ಟಿನ ಡಿಸೆಂಬರ್ 2020ರ ಆದೇಶ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ವಶದಲ್ಲಿರುವವರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂಬ ಡಿ.ಕೆ. ಬಸು ತೀರ್ಪೂ ಹಾಗೆಯೇ.

ಪರಿಹಾರದ ವಿಷಯದಲ್ಲೂ ಇದೇ ವ್ಯತ್ಯಾಸ. ‘ಪೊಲೀಸರ ಮೇಲೆ ಕೇಸು ಹಾಕಿ ಸಿಗುವುದೇನು’ ಎನ್ನುವವರಿಗೆ ರುದುಲ್ ಸಾಹ್ ಪ್ರಕರಣ ಗೊತ್ತಿರುವುದಿಲ್ಲ. 1968ರಲ್ಲಿ ಖುಲಾಸೆಯಾದ ಮೇಲೂ ಬಿಹಾರ ಸರ್ಕಾರ ಅವರನ್ನು ಹದಿನಾಲ್ಕು ವರ್ಷ ಜೈಲಿನಲ್ಲಿಟ್ಟಿತ್ತು. ರಿಟ್ ಅರ್ಜಿಯಲ್ಲೇ ಪರಿಹಾರ ಕೊಡಿಸಬಹುದೆಂದು ಸುಪ್ರೀಂ ಕೋರ್ಟ್ ತೋರಿಸಿಕೊಟ್ಟದ್ದು 1983ರಲ್ಲಿ, ಆ ಪ್ರಕರಣದಲ್ಲಿಯೇ. ಹತ್ತು ವರ್ಷದ ನಂತರ, ಪೊಲೀಸ್ ವಶದಲ್ಲಿದ್ದ ಮಗನನ್ನು ಕಳೆದುಕೊಂಡ ಒಡಿಶಾದ ನೀಲಾಬತಿ ಬೆಹೆರಾ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು 1,50,000 ರೂಪಾಯಿ ಕೊಡಿಸಿತು. ಮೊತ್ತ ಸಣ್ಣದು ಅನಿಸಬಹುದು. ಆದರೆ ಮುಂದಿನ ಕೇಸುಗಳ ದಾರಿ ತೆರೆದದ್ದು ಇವೇ.

ಅಂಥ ಅನುಭವಸ್ಥರನ್ನು ಜಾಹೀರಾತಿನಲ್ಲಿ ಹುಡುಕಿ ಫಲವಿಲ್ಲ. ವಕೀಲರು ಜಾಹೀರಾತು ಕೊಡುವುದನ್ನೇ ಪರಿಷತ್ತಿನ ನಿಯಮ ನಿಷೇಧಿಸಿದೆ. 2008ರ ತಿದ್ದುಪಡಿಯ ನಂತರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಅಭ್ಯಾಸದ ಕ್ಷೇತ್ರದಂಥ ವಿವರಗಳನ್ನಷ್ಟೇ ಜಾಲತಾಣದಲ್ಲಿ ಹಾಕಬಹುದು. ‘ನಂಬರ್ ಒನ್’, ‘ಗ್ಯಾರಂಟಿ ಜಾಮೀನು’ ಎಂದು ಸಾರಿಕೊಳ್ಳುವವರು ಮೊದಲ ಹೆಜ್ಜೆಯಲ್ಲೇ ನಿಯಮ ಮುರಿದವರು. ಪರೀಕ್ಷಿಸುವ ದಾರಿ ಬೇರೆಯೇ ಇದೆ, ಅದಕ್ಕೆ ಕಾಸೂ ಬೇಡ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಕೊಟ್ಟು ಹುಡುಕಿದರೆ ಅವರು ನಡೆಸುತ್ತಿರುವ ಕೇಸುಗಳ ಪಟ್ಟಿ ಬರುತ್ತದೆ. ಅದರಲ್ಲಿ ರಿಟ್ ಅರ್ಜಿಗಳಿವೆಯೇ, ದೌರ್ಜನ್ಯ ತಡೆ ಕಾಯ್ದೆಯ ವಿಚಾರಣೆಗಳಿವೆಯೇ ಎಂದು ಯಾರು ಬೇಕಾದರೂ ನೋಡಬಹುದು. ಕೋರ್ಟ್ ಹಾಲ್ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದ ಜಾಗ. ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕುಳಿತರೆ ಯಾರು ಓದಿಕೊಂಡು ಬಂದಿದ್ದಾರೆ, ಯಾರು ಬರೀ ತಾರೀಖು ಕೇಳುತ್ತಿದ್ದಾರೆ ಎಂಬುದು ಕಾನೂನು ಓದದವರಿಗೂ ತಿಳಿಯುತ್ತದೆ.

‘ಜನವಿರೋಧಿಗಳ ಪರ ಯಾರೂ ನಿಲ್ಲುವಂತಿಲ್ಲ’

ಊರಿನ ಸಿಟ್ಟಿಗೆ ಗುರಿಯಾದ ಆರೋಪಿಯ ಪರ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘ ನಿರ್ಣಯ ಮಾಡಿದರೆ ಮುಗಿಯಿತು ಎಂದು ಹಲವರು ತಿಳಿದಿದ್ದಾರೆ. 2020ರ ಆರಂಭದಲ್ಲಿ ಕರ್ನಾಟಕದಲ್ಲೇ ಇಂಥ ಎರಡು ನಿರ್ಣಯಗಳಾದವು. ಮೈಸೂರಿನಲ್ಲಿ ಪ್ರತಿಭಟನೆಯೊಂದರಲ್ಲಿ ಫಲಕ ಹಿಡಿದು ಆರೋಪಿಯಾದ ಯುವತಿಯ ಪರ ನಿಲ್ಲುವುದಿಲ್ಲ ಎಂದು ಸಂಘ ಹೇಳಿದಾಗ ಬೇರೆ ಊರುಗಳ ವಕೀಲರು ಬಂದು ವಕಾಲತ್ತು ಹಾಕಿದರು, ನಿರೀಕ್ಷಣಾ ಜಾಮೀನು ಸಿಕ್ಕಿತು. ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಸಂಘ ಹೀಗೇ ಮಾಡಿದಾಗ ವಿಷಯ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕಾ ಅವರಿದ್ದ ಪೀಠ ನಿರ್ಣಯವನ್ನು ತರಾಟೆಗೆ ತೆಗೆದುಕೊಂಡು, ಜಾಮೀನು ಅರ್ಜಿ ಹಾಕಲು ಹೋಗುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಿತು. ಇಂಥ ನಿರ್ಣಯಗಳಿಗೆ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಷ್ಟು ಹಿಂದೆ, ಕೊಯಮತ್ತೂರಿನ ಒಂದು ಪ್ರಕರಣದಲ್ಲಿ. ಅಲ್ಲಿ ವಕೀಲರು ಬಹಿಷ್ಕರಿಸಿದ್ದು ಪೊಲೀಸರನ್ನು! ನಿಯಮ ಎಲ್ಲರಿಗೂ ಒಂದೇ.

ಜಾತಿ ದೌರ್ಜನ್ಯದ ಕೇಸುಗಳಲ್ಲಿ ಇದರ ಉಲ್ಟಾ ನಂಬಿಕೆ ಇದೆ: ಸರ್ಕಾರಿ ವಕೀಲರೇ ಇರುವಾಗ ನೊಂದವರಿಗೆ ಬೇರೆ ವಕೀಲರೇಕೆ? 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಸೇರಿಸಿದ 15ಎ ಕಲಮಿನ ಪ್ರಕಾರ ಜಾಮೀನು, ಬಿಡುಗಡೆ, ಪೆರೋಲ್, ಶಿಕ್ಷೆಯ ಪ್ರತಿ ಹಂತದಲ್ಲೂ ನೊಂದವರ ಮಾತು ಕೇಳಬೇಕು. ನೊಂದವರು ಬಯಸಿದರೆ ವಿಶೇಷ ನ್ಯಾಯಾಲಯದ ಕೇಸಿಗೆ ಹೆಸರಾಂತ ಹಿರಿಯ ವಕೀಲರನ್ನು ಸರ್ಕಾರದ ಖರ್ಚಿನಲ್ಲೇ ನೇಮಿಸುವ ಅಧಿಕಾರ 1995ರ ನಿಯಮಗಳಡಿ ಜಿಲ್ಲಾಧಿಕಾರಿಗೆ ಇದೆ. ಈ ನಿಯಮವನ್ನು ಕೇಳಿ ಪಡೆದವರು ವಿರಳ. ಕೇಸು ಎಷ್ಟು ಕಾಲ ಎಳೆಯುತ್ತದೆ ಎಂಬುದಕ್ಕೆ ಗಂಗಾವತಿ ತಾಲ್ಲೂಕಿನ ಮರಕುಂಬಿಯೇ ಸಾಕ್ಷಿ. 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ ಸಾಕ್ಷಿಗಳನ್ನು ಹಿಡಿದು ನಿಲ್ಲಿಸುವುದು ಸರ್ಕಾರಿ ವಕೀಲರೊಬ್ಬರಿಂದಲೇ ಆಗುವ ಕೆಲಸವಲ್ಲ.

ವಕಾಲತ್ತಿಗೆ ಸಹಿ ಹಾಕಿದ ಮೇಲೆ ಸಿಕ್ಕಿಬಿದ್ದಂತೆ ಎಂಬ ಭಯವೂ ಬೇಡ. ಕಕ್ಷಿದಾರರು ಕೋರ್ಟಿನ ಅನುಮತಿ ಪಡೆದು ವಕೀಲರನ್ನು ಬದಲಿಸಬಹುದು. ಬಾಕಿ ಫೀಸಿಗಾಗಿ ಕೇಸಿನ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು 2000ದ ಆರ್.ಡಿ. ಸಕ್ಸೇನಾ ತೀರ್ಪು ಹೇಳಿದೆ. ದೂರಿದ್ದರೆ ಹೋಗಬೇಕಾದ ಜಾಗ ರಾಜ್ಯ ವಕೀಲರ ಪರಿಷತ್ತು; ವಕೀಲರ ಸೇವೆ ಗ್ರಾಹಕ ಕಾಯ್ದೆಯಡಿ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ತೀರ್ಮಾನವಾಗಿದೆ.

ಮೊದಲ ಭೇಟಿಗೆ ಹೋಗುವಾಗ ಘಟನೆಯ ದಿನ, ವೇಳೆ, ಇದ್ದವರ ಹೆಸರನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ಮೂಲ ದಾಖಲೆಯ ಬದಲು ಪ್ರತಿ ಕೊಡಿ. ಯಾರ ಬಳಿ ಹೋಗಬೇಕೆಂದೇ ತಿಳಿಯದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಸಮಿತಿಯ ಕಚೇರಿಗೆ ಹೋಗಿ. ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ದೂರು ಬರೆಯಬಹುದು; ವಕೀಲರೂ ಬೇಕಿಲ್ಲ, ಶುಲ್ಕವೂ ಇಲ್ಲ. ಆದರೆ ಘಟನೆ ನಡೆದು ಒಂದು ವರ್ಷ ದಾಟಿದ ಮೇಲೆ ಆಯೋಗ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.