ದನಕ್ಕೂ ಧನಕ್ಕೂ ನಡುವಣ ಗೀಟು

ಒಂದೇ ತಾಯಿಯ ಮಕ್ಕಳಂತೆ ಪರಸ್ಪರ ಹೋಲುವ ಅಕ್ಷರಗಳನ್ನು ಕಡೆದು ನಿಲ್ಲಿಸುವುದೇ ಅಚ್ಚುಮೊಳೆಗಳ ಶಿಲ್ಪಿಯ ಕೌಶಲವೆಂಬ ನಂಬಿಕೆ ಮುದ್ರಣಲೋಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಒಂದರ ದುಂಡು ಮತ್ತೊಂದರ ದುಂಡಿಗೆ ಒಪ್ಪಬೇಕು. ಒಂದರ ದಪ್ಪ ಮತ್ತೊಂದರ ದಪ್ಪಕ್ಕೆ ಸರಿದೂಗಬೇಕು. ಪುಟದ ಮೇಲೆ ಕಣ್ಣಾಡಿಸಿದಾಗ ಯಾವೊಂದು ಅಕ್ಷರವೂ ಎದ್ದು ಕುಣಿಯದೆ, ಎಲ್ಲವೂ ಒಂದೇ ನೇಯ್ಗೆಯ ಎಳೆಗಳಂತೆ ಸುಮ್ಮನೆ ಹೊಂದಿಕೊಂಡಿರಬೇಕು ಎಂಬುದು ಆ ಕಲೆಯ ಸೌಂದರ್ಯಸೂತ್ರ. ಆದರೆ ನಿರ್ಮಲವಾದ ದೃಷ್ಟಿಗೆ ಹಿತವೆನಿಸುವ ಈ ಸಾದೃಶ್ಯವೇ ಮಂದವಾದ ದೃಷ್ಟಿಗೆ ಬಲೆಯಾಗಬಲ್ಲುದೆಂಬುದನ್ನು ಆ ಸೂತ್ರವನ್ನು ರಚಿಸಿದವರು ಹೆಚ್ಚಾಗಿ ಗಮನಿಸಿದಂತೆ ಕಾಣುವುದಿಲ್ಲ.

ದೃಷ್ಟಿದೋಷವೆಂದೊಡನೆ ನಮ್ಮ ಕಲ್ಪನೆಗೆ ಬರುವುದು ಸಂಪೂರ್ಣವಾದ ಅಂಧಕಾರ. ವಾಸ್ತವದಲ್ಲಿ ಬೆಳಕಿಗೂ ಕತ್ತಲೆಗೂ ನಡುವೆ ವಿಸ್ತಾರವಾದ ಮುಸ್ಸಂಜೆಯೊಂದುಂಟು. ಕಣ್ಣಿನ ಪೊರೆ ಬಲಿತವನಿಗೆ ಪುಟವೆಲ್ಲ ಹಬೆ ಹಿಡಿದ ಗಾಜಿನಾಚೆ ಇರುವಂತೆ ತೋರುತ್ತದೆ. ಗ್ಲಾಕೋಮ ಮುದುರಿಸಿದ ದೃಷ್ಟಿಗೆ ಅಂಚುಗಳು ಅಳಿದು ನಡುವಣ ಕಿಂಡಿಯೊಂದೇ ಉಳಿಯುತ್ತದೆ. ಅಕ್ಷಿಪಟಲದ ಮಧ್ಯಭಾಗ ಸವೆದವರಿಗಾದರೋ ತಾವು ದಿಟ್ಟಿಸಿದ ಅಕ್ಷರದ ಮೇಲೆಯೇ ಕಲೆಯೊಂದು ಬಂದು ಕುಳಿತುಕೊಳ್ಳುತ್ತದೆ. ಇಂಥವರಿಗೆ ಕನ್ನಡಕ ಸಾಲದು, ಬ್ರೈಲ್ ಲಿಪಿಯ ಅನಿವಾರ್ಯತೆಯೂ ಇನ್ನೂ ಒದಗಿಲ್ಲ. ಅವರು ಮುದ್ರಿತ ಪುಟವನ್ನೇ ನಂಬಿದವರು.

ಈ ಮುಸ್ಸಂಜೆಯ ಓದುಗರಿಗಾಗಿಯೇ ಅಕ್ಷರಗಳನ್ನು ರೂಪಿಸಿದ ಸಂಸ್ಥೆ ಬ್ರೈಲ್ ಲಿಪಿಯ ಸೇವೆಯಿಂದಲೇ ಹುಟ್ಟಿದುದೆಂಬುದು ವಿಶೇಷ. 1912ರಲ್ಲಿ ಬಂದೂಕಿನ ಅಪಘಾತದಿಂದ ಕಣ್ಣುಗಳನ್ನು ಕಳೆದುಕೊಂಡ ಜೆ. ರಾಬರ್ಟ್ ಅಟ್ಕಿನ್ಸನ್ ಎಂಬಾತನು 1919ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಬ್ರೈಲ್ ಮುದ್ರಣಾಲಯವೊಂದನ್ನು ಸ್ಥಾಪಿಸಿದನು; ಅದೇ ಬೆಳೆದು ಬ್ರೈಲ್ ಇನ್‌ಸ್ಟಿಟ್ಯೂಟ್ ಆಯಿತು. ತನ್ನ ಬಳಿಗೆ ಬರುವವರಲ್ಲಿ ಬಹುಪಾಲು ಜನ ಅಂಧರಲ್ಲ, ಮಂದದೃಷ್ಟಿಯವರೆಂಬುದನ್ನು ಕಂಡುಕೊಂಡ ಆ ಸಂಸ್ಥೆ, ಸ್ಥಾಪನೆಯ ನೂರನೆಯ ವರ್ಷವಾದ 2019ರಲ್ಲಿ, ಅಪ್ಲೈಡ್ ಡಿಸೈನ್ ವರ್ಕ್ಸ್ ಎಂಬ ವಿನ್ಯಾಸಶಾಲೆಯ ನೆರವಿನಿಂದ ಹೊಸ ಅಕ್ಷರಮಾಲೆಯೊಂದನ್ನು ಹೊರತಂದು, ಅದಕ್ಕೆ ಅಟ್ಕಿನ್ಸನ್ ಹೈಪರ್‌ಲೆಜಿಬಲ್ ಎಂದು ಮೂಲಪುರುಷನ ಹೆಸರನ್ನೇ ಇಟ್ಟಿತು.

ಆ ವಿನ್ಯಾಸದ ತತ್ತ್ವ ಸರಳವಾದುದು: ದೃಷ್ಟಿ ಮಸುಕಾದಾಗ ಸೂಕ್ಷ್ಮವಾದ ಗೆರೆಗಳು ಅಳಿದುಹೋಗಿ ಅಕ್ಷರದ ಹೊರ ಆಕಾರ ಮಾತ್ರ ಉಳಿಯುವುದಾದ್ದರಿಂದ, ಅಕ್ಷರಕ್ಕೂ ಅಕ್ಷರಕ್ಕೂ ಇರುವ ಭೇದವನ್ನು ಆ ಹೊರ ಆಕಾರದಲ್ಲಿಯೇ ನೆಲೆಗೊಳಿಸಬೇಕು. ಇಂಗ್ಲಿಷಿನ ದೊಡ್ಡ ‘ಐ’, ಚಿಕ್ಕ ‘ಎಲ್’, ಮತ್ತು ಒಂದರ ಅಂಕಿ ಇವು ಮೂರೂ ಅನೇಕ ಸರಳ ಮಾದರಿಗಳಲ್ಲಿ ನೆಟ್ಟ ಕಂಬಗಳಂತೆ ಏಕರೂಪವಾಗಿರುತ್ತವೆ. ಇಲ್ಲಿ ಮೊದಲನೆಯದಕ್ಕೆ ಮೇಲೂ ಕೆಳಗೂ ಅಡ್ಡಪಟ್ಟಿಗಳು, ಎರಡನೆಯದಕ್ಕೆ ಬಾಗಿದ ಬಾಲ, ಮೂರನೆಯದಕ್ಕೆ ನೆತ್ತಿಯ ಕೊಕ್ಕೆ. ಸೊನ್ನೆಯ ಒಡಲಿಗೆ ಓರೆಯಾದ ಗೀಟನ್ನೆಳೆದು ಅದನ್ನು ‘ಓ’ ಅಕ್ಷರದಿಂದ ಬೇರ್ಪಡಿಸಿದ್ದಾರೆ. ಕನ್ನಡಿಯ ಬಿಂಬಗಳಂತಿರುವ ಚಿಕ್ಕ ‘ಬಿ’, ‘ಡಿ’, ‘ಪಿ’, ‘ಕ್ಯೂ’ಗಳನ್ನು ಒಂದನ್ನೇ ತಿರುವಿ ಇನ್ನೊಂದನ್ನಾಗಿಸುವ ಸುಲಭಮಾರ್ಗವನ್ನು ಬಿಟ್ಟು ಪ್ರತ್ಯೇಕವಾಗಿ ತಿದ್ದಿದ್ದಾರೆ. ಹೀಗೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನಿಗೆ ಜುಟ್ಟು, ಇನ್ನೊಬ್ಬನಿಗೆ ಪೇಟ ಬಂದಂತಾಯಿತು. ಯಾರೂ ಬೆಲೆ ತೆರದೆ ಬಳಸಬಹುದಾದ ಈ ಮಾಲೆಯ 2025ರ ಪರಿಷ್ಕೃತ ರೂಪವು ನೂರೈವತ್ತಕ್ಕೂ ಹೆಚ್ಚು ಭಾಷೆಗಳಿಗೆ ಸಲ್ಲುತ್ತದೆಯಾದರೂ, ಅವೆಲ್ಲವೂ ರೋಮನ್ ಲಿಪಿಯ ಭಾಷೆಗಳು. ಕನ್ನಡಕ್ಕೆ ಅದರಲ್ಲಿ ಸ್ಥಾನವಿಲ್ಲ.

ಚೆಲುವನ್ನು ತುಸು ತ್ಯಾಗಮಾಡಿ ಸ್ಪಷ್ಟತೆಯನ್ನು ಗಳಿಸುವ ಈ ಯತ್ನ ಕೇವಲ ಇಂದಿನದಲ್ಲ. 1958ರಲ್ಲಿ ತೆರೆದ ಇಂಗ್ಲೆಂಡಿನ ಪ್ರೆಸ್ಟನ್ ಹೆದ್ದಾರಿಯ ಫಲಕಗಳಿಂದ ಮೊದಲ್ಗೊಂಡು ಆ ದೇಶದ ರಸ್ತೆಗಳಿಗೆಲ್ಲ ಅಕ್ಷರಗಳನ್ನು ರೂಪಿಸಿದ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಇವರೂ ಚಿಕ್ಕ ‘ಎಲ್’ಗೆ ಬಾಗಿದ ಬಾಲವನ್ನು ಕೊಟ್ಟಿದ್ದರು. ಇನ್ನೂ ವಿಲಕ್ಷಣವಾದುದು ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಅಮೆರಿಕದ ದೂರವಾಣಿ ಕೈಪಿಡಿಗಳಿಗಾಗಿ ರಚಿಸಿದ ಬೆಲ್ ಸೆಂಟೆನಿಯಲ್. ಅಗ್ಗದ ಕಾಗದ, ವೇಗವಾಗಿ ಓಡುವ ಯಂತ್ರ, ಸಾಸಿವೆಯಂಥ ಅಕ್ಷರ—ಇವು ಕೂಡಿದೆಡೆ ಶಾಯಿ ಹರಡಿ ಗೆರೆಗಳ ಸಂದುಗಳು ತುಂಬಿಹೋಗುತ್ತಿದ್ದವು. ಕಾರ್ಟರನು ಆ ಸಂದುಗಳಲ್ಲಿಯೇ ಆಳವಾದ ಕಚ್ಚುಗಳನ್ನು ಬಿಟ್ಟನು. ದೊಡ್ಡದಾಗಿ ಬಿಡಿಸಿ ನೋಡಿದರೆ ಅವು ಇಲಿ ಕಡಿದ ಅಕ್ಷರಗಳೆನ್ನಬೇಕು. ಕೈಪಿಡಿಯ ಪುಟದಲ್ಲಾದರೋ ಶಾಯಿಯೇ ಆ ಕಚ್ಚುಗಳನ್ನು ತುಂಬಿ ಅಕ್ಷರವನ್ನು ಪೂರ್ಣಗೊಳಿಸುತ್ತಿತ್ತು.

ಆದರೆ ಆಕಾರವೊಂದರಿಂದಲೇ ಸಕಲವೂ ಸಿದ್ಧಿಸುವುದೆಂದು ಭ್ರಮಿಸಲಾಗದು. ಓದನ್ನು ಕಷ್ಟಗೊಳಿಸುವ ಡಿಸ್‌ಲೆಕ್ಸಿಯ ಎಂಬ ತೊಡಕುಳ್ಳವರಿಗಾಗಿ, ಸ್ವತಃ ಆ ತೊಡಕುಳ್ಳ ಕ್ರಿಶ್ಚಿಯನ್ ಬೂರ್ ಎಂಬ ನೆದರ್ಲೆಂಡ್ಸಿನ ವಿನ್ಯಾಸಕಾರನು 2008ರಲ್ಲಿ ಬುಡ ದಪ್ಪವಾದ ಅಕ್ಷರಗಳನ್ನು ರಚಿಸಿದನು. ಮುಂದೆ ನಡೆದ ಪರೀಕ್ಷೆಯಲ್ಲಿ, ಸಾಮಾನ್ಯ ಅಕ್ಷರಗಳ ನಡುವೆಯೂ ಬೂರನ ಅಕ್ಷರಗಳಲ್ಲಿರುವಷ್ಟೇ ಅಂತರವನ್ನು ಬಿಟ್ಟಾಗ ಆ ವಿಶೇಷ ಆಕಾರದ ಮೇಲುಗೈ ಉಳಿಯಲಿಲ್ಲ. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಇಟಲಿ ಮತ್ತು ಫ್ರಾನ್ಸಿನ 74 ಮಂದಿ ಮಕ್ಕಳು, ಯಾವ ಪೂರ್ವಶಿಕ್ಷಣವೂ ಇಲ್ಲದೆ, ಅಕ್ಷರಗಳ ನಡುವಣ ಅಂತರವನ್ನು ಹಿಗ್ಗಿಸಿದ ಮಾತ್ರದಿಂದಲೇ ಮೊದಲಿಗಿಂತ ಚೆನ್ನಾಗಿ ಓದಿದರು. ಓದಿಗೆ ಬರೆದ ಭಾಗದಷ್ಟೇ ಬರೆಯದೆ ಬಿಟ್ಟ ಭಾಗವೂ ಮುಖ್ಯ.

ಈ ಬೆಳಕಿನಲ್ಲಿ ನಮ್ಮ ಲಿಪಿಯನ್ನು ನೋಡೋಣ. ಮುತ್ತು ಪೋಣಿಸಿದಂತಿದೆಯೆಂದು ನಾವು ಕೊಂಡಾಡುವ ಕನ್ನಡ ಅಕ್ಷರಗಳ ದುಂಡುತನದಲ್ಲಿಯೇ ಅವುಗಳ ಅಪಾಯವೂ ಅಡಗಿದೆ. ‘ರ’ಕಾರದ ಒಡಲಲ್ಲಿ ಚುಕ್ಕೆಯೊಂದನ್ನಿಟ್ಟರೆ ‘ಠ’ಕಾರ, ಅನುಸ್ವಾರವೂ ಸೊನ್ನೆ, ಅಂಕಿಯೂ ಸೊನ್ನೆ, ೬ ಮತ್ತು ೯ ಅಂಕಿಗಳಿಗಿರುವ ಭೇದ ಬಾಲದ ಕೊಂಕೊಂದೇ. ಒತ್ತಕ್ಷರಗಳು ಸಾಲಿನ ಕೆಳಗಿಳಿದರೆ ಗುಡಿಸುಗಳು ಮೇಲೇಳುತ್ತವೆ. ಕಾಗದ ಉಳಿಸುವ ಆಸೆಯಿಂದ ಸಾಲುಗಳನ್ನು ಒತ್ತೊತ್ತಾಗಿಸಿದಾಗ ಮೇಲಿನ ಸಾಲಿನ ಪಾದ ಕೆಳಗಿನ ಸಾಲಿನ ತಲೆಯನ್ನು ಮೆಟ್ಟುತ್ತದೆ. ಹಲವು ಅಲ್ಪಪ್ರಾಣ ಮಹಾಪ್ರಾಣಗಳ ಅಂತರವಂತೂ, ಉಪಾಧ್ಯಾಯರು ‘ಹೊಟ್ಟೆ ಸೀಳು’ ಎಂದು ಕಲಿಸಿಕೊಟ್ಟ ಸಣ್ಣ ಗೀಟೊಂದರಲ್ಲಿ ನಿಂತಿದೆ. ಶೀರ್ಷಿಕೆಗಳ ದಪ್ಪ ಅಕ್ಷರಗಳಲ್ಲಿ ಸುತ್ತಲಿನ ಮಸಿ ಅದನ್ನು ನುಂಗಿಹಾಕುತ್ತದೆ. ಆ ಸೀಳನ್ನು ಉದ್ದಗೊಳಿಸುವುದು, ಅದರ ಇಕ್ಕೆಲದಲ್ಲಿ ಬಿಳುಪನ್ನು ಬಿಡುವುದು ಕಾರ್ಟರನ ಕಚ್ಚಿನಂತೆಯೇ ಸಣ್ಣ ಉಪಾಯ.

ಸರಾಗವಾಗಿ ಓದಬಲ್ಲವನು ಸಂದರ್ಭದ ಕೈಹಿಡಿದು ಸಾಗುತ್ತಾನೆ, ಅಷ್ಟಕ್ಕೆ ಇಷ್ಟೊಂದು ಚಿಂತೆಯೇಕೆ ಎಂದು ಕೇಳಬಹುದು. ನಿಜ, ಕಾದಂಬರಿಯ ಪುಟದಲ್ಲಿ ಒಂದಕ್ಷರ ಮಸುಕಾದರೆ ವಾಕ್ಯವೇ ಅದನ್ನು ತುಂಬಿಕೊಡುತ್ತದೆ. ಆದರೆ ಔಷಧದ ಚೀಟಿಯ ಪ್ರಮಾಣಕ್ಕೆ, ಬಸ್ಸಿನ ಹಣೆಯ ಸಂಖ್ಯೆಗೆ, ಅಪರಿಚಿತನ ಹೆಸರಿಗೆ ಸಂದರ್ಭವೆಂಬುದಿಲ್ಲ. ಅಲ್ಲಿ ಅಕ್ಷರವು ತನ್ನ ಪರವಾಗಿ ತಾನೇ ಸಾಕ್ಷಿ ಹೇಳಬೇಕು. ಕೊಟ್ಟಿಗೆಯಲ್ಲಿ ಕಟ್ಟತಕ್ಕುದು ದನ, ಪೆಟ್ಟಿಗೆಯಲ್ಲಿಡತಕ್ಕುದು ಧನ. ಎರಡರ ಭೇದವನ್ನೂ ಕೂದಲೆಳೆಯಂಥ ಗೀಟೊಂದೇ ಹೊತ್ತಿರುವಾಗ, ಮುಸ್ಸಂಜೆಯಲ್ಲಿ ಓದುವವರ ಸಲುವಾಗಿ ಅದನ್ನು ಕೂದಲಿಗಿಂತ ತುಸು ದಪ್ಪನಾಗಿ ಎಳೆದರೆ ಲಿಪಿಯ ಚೆಲುವಿಗೇನೂ ಕೊರತೆಯಾಗದು.