ಹವ್ಯಾಸಕ್ಕ ನಾಲ್ಕಕ್ಷರದ ಸರ್ಟಿಫಿಕೇಟ್ ಬೇಕೇನ್ರಿ?

ಇವತ್ತಿನ ಮಾತು ಶುರುವಾಗೋದು ಒಂದು ವಾಟ್ಸಾಪ್ ಗ್ರೂಪಿನಿಂದ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ನಾವು ಐದು ಮಂದಿ ಬಿಡುವಿದ್ದ ರವಿವಾರ ಚಿಂಚೋಳಿ ಕಾಡಿಗೆ ಪಕ್ಷಿ ನೋಡಲಿಕ್ಕ ಹೋಗ್ತೀವಿ. ಹೋದ ತಿಂಗಳು ಶಹಾಬಾದಿನ ದೋಸ್ತ ಗ್ರೂಪ್ ಬಿಟ್ಟು ಹೋದ. ಮೊಬೈಲ್‌ನಾಗ ಪರ್ಸನಾಲಿಟಿ ಟೆಸ್ಟ್ ಮಾಡ್ಕೊಂಡಿದ್ದ, 'ಐಎನ್‌ಟಿಜೆ' ಅಂತ ಬಂದಿತ್ತು. "ನಾ ಅಂತರ್ಮುಖಿ, ಮಂದಿ ಜೋಡಿ ಮಾಡೋ ಹವ್ಯಾಸ ನಂಗ ಹೊಂದಂಗಿಲ್ಲ" ಅಂದ. ಎರಡು ವರ್ಷ ಹ್ಯಾಂಗ ಹೊಂದಿತ್ತಪಾ?

ಈ ಟೆಸ್ಟಿನ ಮೂಲ ಹಳೇದು. 1921ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ವ್ಯಕ್ತಿತ್ವದ ಮಾದರಿಗಳ ಬಗ್ಗೆ ಪುಸ್ತಕ ಬರೆದರು. ಅದರ ಮ್ಯಾಲ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಪ್ರಶ್ನೆಪಟ್ಟಿ ಕಟ್ಟಿದರು. ಒಟ್ಟು 16 ಮಾದರಿ. ತೊಂದರೆ ಏನಂದ್ರ, ಅದು ನಟ್ಟನಡುವೆ ಒಂದು ಗೆರೆ ಎಳೀತದ. ಹಿಂದ 35 ಮಾರ್ಕ್ಸ್ ಬಂದವ ಪಾಸ್, 34 ಬಂದವ ಫೇಲ್ ಆಗ್ತಿದ್ದನಲ್ಲ, ಹಂಗ. ಇಬ್ಬರ ಓದಿನಾಗ ಫರಕ್ ಎಷ್ಟಿರ್ತದ? ನಮ್ಮಲ್ಲಿ ಭಾಳ ಮಂದಿ ಆ ಗೆರೆ ಹತ್ತಿರಾನೇ ಇರ್ತೀವಿ. ಅದಕ್ಕೇ ಅದೇ ಟೆಸ್ಟ್ ಮತ್ತೊಮ್ಮೆ ಮಾಡಿದ್ರ ಕೆಲವರಿಗೆ ಬ್ಯಾರೆ ಅಕ್ಷರ ಬರ್ತಾವ.

ಸಂಶೋಧಕರು ಹೆಚ್ಚು ಬಳಸೋದು 'ಬಿಗ್ ಫೈವ್'. ಹೊಸದರ ಕುತೂಹಲ, ಶಿಸ್ತು, ಬಹಿರ್ಮುಖತೆ, ಹೊಂದಿಕೊಳ್ಳೋ ಗುಣ, ಆತಂಕ. ಐದೂ ಎಲ್ಲರಲ್ಲೂ ಅದಾವ, ಪ್ರಮಾಣ ಬ್ಯಾರೆ. ಕುತೂಹಲ ಜಾಸ್ತಿ ಇದ್ದವರು ಕಲೆ, ಓದಿನ ಕಡೆ, ಬಹಿರ್ಮುಖಿಗಳು ಮಂದಿ ಇದ್ದ ಕಡೆ ವಾಲೋದು ಖರೇ. ಆದ್ರ ನನ್ನ ಕಣ್ಣಿಗೆ ಕಂಡದ್ದು ಬ್ಯಾರೆ: ಯಾವ ಹವ್ಯಾಸ ಅನ್ನೋದಕ್ಕಿಂತ, ಅದನ್ನ ಹ್ಯಾಂಗ ಮಾಡ್ತೀವಿ ಅನ್ನೋದರಾಗ ಸ್ವಭಾವ ಜಾಸ್ತಿ ಕಾಣಿಸ್ತದ.

ಚಂದ್ರಂಪಳ್ಳಿ ಡ್ಯಾಮಿನ ದಂಡಿಗೆ ನಮ್ಮನ್ನ ನೋಡ್ರಿ. ಸೇಡಂ ಗೆಳತಿ ಪ್ರತಿ ಹಕ್ಕಿ, ಸಮಯ, ಸಂಖ್ಯೆ ಎಲ್ಲಾ ಇ-ಬರ್ಡ್ ಆ್ಯಪಿಗೆ ಹಾಕ್ತಾಳ. ಚಿತ್ತಾಪುರದವ ದಾರಿ ಬಿಟ್ಟು ಯಾವುದೋ ಕಲ್ಲಿನ ಹಿಂದ ಹೋಗಿರ್ತಾನ. ಅವನದೇ ತಾಲ್ಲೂಕಿನ ಸನ್ನತಿಯಲ್ಲಿ 1986ರಾಗ ಕಾಳಿ ಗುಡಿಯ ಛಾವಣಿ ಬಿದ್ದು, ದೇವಿಯ ಪೀಠವಾಗಿದ್ದ ಕಲ್ಲಿನ ಮ್ಯಾಲ ಅಶೋಕನ ಶಾಸನ ಸಿಕ್ತಲ್ಲ, ಆ ಕಥಿ ಕೇಳಿದಾಗಿನಿಂದ ಯಾವ ಕಲ್ಲನ್ನೂ ಸುಮ್ಮನ ಬಿಡಂಗಿಲ್ಲ. ವಾಡಿಯವ ಬರೋದೇ ಮಾತಿಗೆ, ಉಪ್ಪಿಟ್ಟಿಗೆ. ಆದ್ರ ಗಾಡಿ ಗೊತ್ತು ಮಾಡೋದು, ಯಾವ ಗಿಡದಾಗ ಗೂಡು ಅದ ಅಂತ ತಾಂಡಾದ ಅಜ್ಜನ್ನ ಕೇಳಿ ಬರೋದು ಅವನೇ.

ಗ್ರೂಪ್ ಬಿಟ್ಟವ? ಒಂದು ಮಿಂಚುಳ್ಳಿ ಮುಂದ ಮುಕ್ಕಾಲು ತಾಸು ಸುಮ್ಮನ ಕೂತಿದ್ದ. "ಅದು ಮೀನು ಹಿಡಿದಾಗೆಲ್ಲ ಅದೇ ಟೊಂಗಿಗೆ ವಾಪಸ್ ಬರ್ತದ, ಬಡಿದು ತಿಂತದ" ಅಂದ. ನಾವು ನಾಲ್ಕು ಮಂದಿ ಅದನ್ನ ನೋಡೇ ಇರಲಿಲ್ಲ.

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮ್ಯಾಲೂ ಹಿಂಗೇ. ಒಬ್ಬ ಎಂಜಿನ್ ನಂಬರ್ ಬರ್ಕೋತಾನ, ಇನ್ನೊಬ್ಬ ಚಹಾ ಕುಡೀತಾ ಸೋಲಾಪುರದ ಕಡೆಯಿಂದ ಬಂದ ಗಾಡಿ ರಾಯಚೂರಿಗೋ ಸಿಕಂದರಾಬಾದಿಗೋ ಅಂತ ನೋಡ್ತಾ ನಿಲ್ತಾನ. ಇಬ್ಬರದೂ ರೈಲಿನ ಹುಚ್ಚೇ.

ಪಟ್ಟಿ ಮಾಡೋರಿಗೆ ಒಂದು ಅಪಾಯ ಅದ, ನಾನೂ ಅದೇ ಪಾರ್ಟಿ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವ್ಯಾಲೆರಾಂಡ್ ಮತ್ತು ಸಂಗಡಿಗರು 2003ರಲ್ಲಿ ಆಸಕ್ತಿಯನ್ನ ಎರಡು ಥರ ಮಾಡಿ ತೋರಿಸಿದರು. ಒಂದು ಬದುಕಿನ ಉಳಿದ ಕೆಲಸದ ಜೋಡಿ ಹೊಂದಿಕೊಂಡು ಹೋಗ್ತದ, ಇನ್ನೊಂದು ನಮ್ಮನ್ನೇ ಎಳಕೊಂಡು ಹೋಗ್ತದ. ನಮ್ಮ ಗೆಳತಿ ಒಂದು ವಾರ ಪಟ್ಟಿಗೆ ಹೊಸ ಹಕ್ಕಿ ಸಿಗಲಿಲ್ಲ ಅಂತ ವಾಪಸ್ ಬರೋ ಮಟ ಮುಖ ಊದಿಸಿಕೊಂಡಿದ್ದಳು. ಅವತ್ತು ಹತ್ತು ನವಿಲು ನೋಡಿದ್ವಿ. ನವಿಲು ಆಗಲೇ ಪಟ್ಟಿಯಾಗಿತ್ತು!

ಮೊನ್ನೆ ಶಹಾಬಾದಿಗೆ ಫೋನ್ ಹಚ್ಚಿದೆ. ನಿನ್ನ ಅಕ್ಷರ ಅಳಿಸಂಗಿಲ್ಲ, ಆದ್ರ ಮಿಂಚುಳ್ಳಿ ಕಥಿ ಹೇಳೋರು ಯಾರು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಬರ್ತೀನಿ, ಆದ್ರ ಗಾಡ್ಯಾಗ ಯಾರೂ ಮಾತಾಡಸಬ್ಯಾಡ್ರಿ" ಅಂದ. ಕಿಡಕಿ ಬಾಜೂ ಸೀಟು ಅವನಿಗೆ ಇಟ್ಟೀವಿ. ವಾಡಿಯವನ್ನ ಡ್ರೈವರ್ ಪಕ್ಕ ಕೂಡಸ್ತೀವಿ.